ಕಿವಿಯ ಎತ್ತರ

ಐದು ಚಾನೆಲ್‌ನ ಆಂಪ್ಲಿಫೈಯರಿಗೆ ಆರೂವರೆ ಸಾವಿರ. ಎದುರಿನ ಎರಡು ಸ್ಪೀಕರಿಗೆ ಮೂರು ಸಾವಿರದ ಇನ್ನೂರು. ನಡುವಿನದಕ್ಕೆ ಸಾವಿರದ ನೂರು, ಹಿಂದಿನ ಜೋಡಿಗೆ ಸಾವಿರದ ನಾನೂರು. ನೆಲದಲ್ಲಿ ಕೂತು ಗುಡುಗುವ ಸಬ್‌ವೂಫರಿಗೆ ಮೂರು ಸಾವಿರ. ನಲವತ್ತು ಮೀಟರ್ ವಯರಿಗೆ ನಾನೂರ ಎಂಬತ್ತು. ಒಟ್ಟು ಹದಿನೈದು ಸಾವಿರದ ಆರುನೂರ ಎಂಬತ್ತು ರೂಪಾಯಿ.

ಪಾಣೆಮಂಗಳೂರಿನ ‘ಹಸೈನಾರ್ ರೇಡಿಯೋಸ್’ ಅಂಗಡಿಯಲ್ಲಿ ರಶೀನಾ ಈ ಲೆಕ್ಕ ಬರೆದು, ಚೀಟಿಯನ್ನು ತಿರುಗಿಸಿ ಗಿರಾಕಿಯ ಕಡೆ ಸರಿಸಿದಳು. ಗಿರಾಕಿ ಚೀಟಿ ನೋಡಲಿಲ್ಲ. ಚೀಟಿ ಸರಿಸಿದ ಬೆರಳು ನೋಡಿದ. ಬೆರಳಿನ ತುದಿಯಲ್ಲಿ ಸೋಲ್ಡರಿನ ಸುಟ್ಟ ಕಲೆ ಇತ್ತು.

“ಮಂಗಳೂರಲ್ಲಿ ಇದೇ ದುಡ್ಡಿಗೆ ಐದು ಸಾವಿರ ವಾಟ್‌ನ ಸೆಟ್ ಸಿಗ್ತದೆ” ಎಂದ.

“ಅದು ಪೆಟ್ಟಿಗೆಯ ಮೇಲೆ ಬರೆದ ವಾಟ್. ಒಳಗೆ ನೂರು ಇದ್ರೆ ಹೆಚ್ಚು.”

“ನಿಮ್ಮದರಲ್ಲಿ?”

“ನಮ್ಮದರಲ್ಲೂ ನೂರೇ. ಬರೆಯುವಾಗಲೂ ನೂರೇ ಬರೀತೇವೆ.”

ಅವನು ನಕ್ಕ. ಹೆಸರು ಅನ್ಸಾಫ್. ಶಾರ್ಜಾದಲ್ಲಿ ಆರು ವರ್ಷ ಇದ್ದು ಬಂದವನು. ಬೆಳ್ತಂಗಡಿಯಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದೇನೆ, ಹಾಲ್‌ಗೆ ಹೋಮ್ ಥಿಯೇಟರ್ ಬೇಕು, ಅವಸರ ಇಲ್ಲ, ಒಳ್ಳೆಯದೇ ಆಗಬೇಕು ಎಂದ. ಅದು ಎರಡು ಸಾವಿರದ ಮೂರನೇ ಇಸವಿ. ಆಗ ಊರಲ್ಲಿ ಹೊಸ ಮನೆ ಕಟ್ಟಿದವರಿಗೆಲ್ಲ ಆ ಆಸೆ ಇತ್ತು.

ರಶೀನಾಳ ಉಪ್ಪ ಹಸೈನಾರ್ ಮೂವತ್ತು ವರ್ಷದಿಂದ ಅದೇ ಮೇಜಿನಲ್ಲಿ ರೇಡಿಯೋ, ಆಂಪ್ಲಿಫೈಯರ್ ಜೋಡಿಸುತ್ತಿದ್ದವರು. ಐದಾರು ವರ್ಷದಿಂದ ಅವರ ಕಿವಿ ಮಂದವಾಗಿತ್ತು. ಸಣ್ಣ ಸದ್ದು ಕೇಳುತ್ತಲೇ ಇರಲಿಲ್ಲ. ಹಾಗಾಗಿ ಕೈ ಉಪ್ಪನದು, ಕಿವಿ ಮಗಳದು. ಅವಳು ಬೆರಳು ಎತ್ತಿದರೆ ಅವರು ಸದ್ದು ಏರಿಸುವರು, ಇಳಿಸಿದರೆ ಇಳಿಸುವರು. ಇಪ್ಪತ್ತೇಳಾದರೂ ಅವಳಿಗೆ ಮದುವೆಯಾಗಿರಲಿಲ್ಲ. ಬಂದ ಸಂಬಂಧದವರೆಲ್ಲ ಮೊದಲು ಅಂಗಡಿ ಬಿಡಬೇಕು ಅನ್ನುತ್ತಿದ್ದರು.

“ಹಾಲ್ ಎಷ್ಟು ದೊಡ್ಡದು?” ಎಂದು ಕೇಳಿದಳು.

“ಹದಿನಾಲ್ಕು ಅಡಿ ಉದ್ದ, ಹನ್ನೊಂದು ಅಗಲ. ಎಡ ಮೂಲೆಯಲ್ಲಿ ಒಂದು ಕಂಬ. ಕಿಟಕಿ ಇಲ್ಲ.”

“ಕಿಟಕಿ ಇಲ್ಲದ ಹಾಲಾ?”

“ಏಸಿ ಹಾಕಿಸ್ತೇನೆ.”

ಗಲ್ಫಿನವರಿಗೆ ಏಸಿ ಎಂದರೆ ಆಯಿತು ಎಂದುಕೊಂಡು ಅವಳು ನಕ್ಷೆ ಬರೆದಳು. “ಎದುರು ಕೂರುವವರು ಎಷ್ಟು ಜನ?”

“ಈಗ ಒಬ್ಬ. ಮುಂದೆ ಇಬ್ಬರು.”

“ಇಬ್ಬರದ್ದೂ ಎತ್ತರ ಬೇಕು. ಕೂತಾಗ ಕಿವಿ ಎಷ್ಟು ಎತ್ತರದಲ್ಲಿ ಇರ್ತದೋ ಸ್ಪೀಕರ್ ಅಷ್ಟೇ ಎತ್ತರದಲ್ಲಿ ಇರಬೇಕು.”

ಅವನು ಮೇಜಿನ ಮೇಲಿದ್ದ ಅಳತೆಯ ಟೇಪು ತೆಗೆದು ಅವಳ ಕಡೆ ಚಾಚಿದ. “ಹಾಗಾದ್ರೆ ನೀವು ಕೂತಲ್ಲಿಂದ ಅಳೆದು ಹೇಳಿ.”

ಉಪ್ಪ ಸಂಜೆಯ ಅಸರ್ ನಮಾಜಿಗೆ ಮಸೀದಿಗೆ ಹೋಗಿದ್ದರು. ರಶೀನಾ ಟೇಪು ತೆಗೆದುಕೊಳ್ಳದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತೆಗೆದುಕೊಂಡಳು. ನೆಲಕ್ಕೆ ಒಂದು ತುದಿ ಬಿಟ್ಟು, ತಲೆಯ ಶಾಲು ಸ್ವಲ್ಪ ಸರಿಸಿ, ಕಿವಿಯ ಹತ್ತಿರ ಇನ್ನೊಂದು ತುದಿ ಹಿಡಿದಳು. ಕಿವಿ ಬಿಸಿಯಾಗಿತ್ತು.

“ಮೂವತ್ತೆಂಟು ಇಂಚು.”

“ಬರ್ಕೊಳ್ಳಿ” ಎಂದ ಅನ್ಸಾಫ್.

ಅವಳು ಬರೆದುಕೊಂಡಳು.

ಆಮೇಲೆ ಅವನು ವಾರಕ್ಕೆರಡು ಸಲ ಬಂದ. ಸದಾ ಅಸರ್ ಹೊತ್ತಿಗೆ. ಒಂದು ಸಲ ಟ್ರಾನ್ಸ್‌ಫಾರ್ಮರ್ ಯಾಕೆ ಅಷ್ಟು ಭಾರ ಎಂದು ಕೇಳಿದ, ಇನ್ನೊಂದು ಸಲ ಹಿಂದಿನ ಸ್ಪೀಕರಿಗೆ ಯಾಕೆ ಕಡಿಮೆ ಸದ್ದು ಎಂದು. ಅವಳು ಒಂದೊಂದನ್ನೂ ಬಿಡಿಸಿ ಹೇಳಿದಳು. ತನ್ನ ಕೆಲಸದ ಬಗ್ಗೆ ಅಷ್ಟು ಪ್ರೀತಿಯಿಂದ ಕೇಳುವ ಗಂಡಸನ್ನು ಅವಳು ಅದುವರೆಗೆ ಕಂಡಿರಲಿಲ್ಲ.

“ಇಷ್ಟೆಲ್ಲ ಕಲಿತು ಎಂತ ಮಾಡ್ತೀರಿ?”

“ನಾಳೆ ಮನೆಯಲ್ಲಿ ಜಗಳ ಆದ್ರೆ ರಿಪೇರಿಗೆ ನಿಮ್ಮನ್ನು ಕರೀಲಿಕ್ಕೆ ಆಗುದಿಲ್ಲಲ್ಲ.”

ಅವಳು ಸೋಲ್ಡರಿಂಗ್ ಕಡ್ಡಿಯನ್ನು ಅವನ ಕಡೆ ತೋರಿಸಿದಳು. ಅವನು ಕೈ ಎತ್ತಿ ಶರಣಾದ. ಹೋಗುವಾಗ ಮೆಟ್ಟಿಲಲ್ಲಿ ನಿಂತು, “ಮನೆ ಒಕ್ಕಲಾಗಲಿ. ಉಮ್ಮನನ್ನು ನಿಮ್ಮ ಮನೆಗೆ ಹೆಣ್ಣು ಕೇಳ್ಲಿಕ್ಕೆ ಕಳಿಸ್ತೇನೆ” ಎಂದ. ಈ ಸಲ ಅವನು ನಗಲಿಲ್ಲ.

ಆ ಅಂಗಡಿಯಲ್ಲಿ ಒಂದು ಕಾಗದ ಇತ್ತು. ಯಾವ ಸ್ಪೀಕರಿಗೆ ಪೆಟ್ಟಿಗೆ ಎಷ್ಟು ಆಳ, ಗಾಳಿಯ ತೂತು ಎಷ್ಟು ಅಗಲ, ದಪ್ಪ ಸದ್ದನ್ನೂ ಸಣ್ಣ ಸದ್ದನ್ನೂ ಬೇರೆ ಮಾಡುವ ಕಾಯಿಲ್‌ಗೆ ತಂತಿ ಎಷ್ಟು ಸುತ್ತು, ಎಲ್ಲ ಅದರಲ್ಲಿತ್ತು. ಉಪ್ಪ ಅದನ್ನು ಗಿರಾಕಿಗಳಿಗೆ ತೋರಿಸುತ್ತಿರಲಿಲ್ಲ. ಪೆಟ್ಟಿಗೆ ಮಾಡುವ ಬೆಳುವಾಯಿಯ ಬಡಗಿ ಚಿನ್ನಯ್ಯನಿಗೂ ಬೇಕಾದಷ್ಟೇ ಅಳತೆ ಹೇಳುತ್ತಿದ್ದರು. ಆದರೆ ಒಂದು ಸಂಜೆ ಅನ್ಸಾಫ್, “ಮನೆಯಲ್ಲಿ ಕಪಾಟು ಮಾಡುವಾಗ ಅಳತೆ ಬೇಕು” ಎಂದ. ರಶೀನಾ ಪಕ್ಕದ ಅಂಗಡಿಯಲ್ಲಿ ಇಡೀ ಕಾಗದದ ಜೆರಾಕ್ಸ್ ಮಾಡಿಸಿ ಕೊಟ್ಟಳು. ಅವನು ಕೇಳಿದ್ದು ಮೂರು ಅಳತೆ. ಅವಳು ಕೊಟ್ಟದ್ದು ಎಲ್ಲ. ನಾಳೆ ತಾನು ಹೋಗಿ ಇರುವ ಮನೆಯಲ್ಲಿ ಇದೊಂದು ಇರಲಿ ಎಂದು ಅವಳ ಮನಸ್ಸು.

ಇಪ್ಪತ್ತು ದಿನ ಅವನು ಬರಲಿಲ್ಲ. ಮನೆ ಕೆಲಸ ಇರಬಹುದು ಎಂದುಕೊಂಡಳು. ಬಂದವನು ಚಿನ್ನಯ್ಯ. ಟೆಂಪೋದಿಂದ ಪೆಟ್ಟಿಗೆ ಇಳಿಸುತ್ತಾ, “ಅಲ್ಲ ಮಾರಾಯ್ತಿ, ಒಂದೇ ಸಲ ಇಪ್ಪತ್ತು ಸೆಟ್ ಹೇಳಿದ್ರೆ ನಾನೊಬ್ಬ ಹೇಗೆ ಮಾಡುದು?” ಎಂದ.

“ಯಾವ ಇಪ್ಪತ್ತು ಸೆಟ್, ಚಿನ್ನಯ್ಯಣ್ಣ?”

“ಮೂಡುಬಿದಿರೆಗೆ. ಆ ಶಾರ್ಜಾದ ಹುಡುಗ. ನಿಮ್ಮದೇ ಅಳತೆ, ನಿಮ್ಮದೇ ಅಕ್ಷರ. ನಿಮ್ಮದೇ ಬ್ರಾಂಚ್ ಅಂತ ನಾನು ಗ್ರಹಿಸಿದೆ.” ಅವಳ ಮುಖ ನೋಡಿ ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟ. “ಅಲ್ವಾ?”

ಮರುದಿನ ರಶೀನಾ ಬಿ.ಸಿ. ರೋಡಿನಿಂದ ಬಸ್ಸು ಹತ್ತಿದಳು. ಸಿದ್ಧಕಟ್ಟೆ ದಾಟುವವರೆಗೂ ಏನೋ ಕಾರಣ ಇರಬಹುದು ಅನ್ನಿಸುತ್ತಿತ್ತು. ಮೂಡುಬಿದಿರೆ ಪೇಟೆಯಲ್ಲಿ ಚಿನ್ನಯ್ಯ ಗುರುತು ಹೇಳಿದ ಹೊಸ ಕಟ್ಟಡದ ನೆಲಮಾಳಿಗೆಗೆ ಇಳಿದಾಗ ಪೈಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಬಾಗಿಲು ದಾಟಿ ನಿಂತಳು.

ಅವಳು ಆ ಕೋಣೆಗೆ ಮೊದಲ ಸಲ ಬಂದದ್ದು. ಆದರೆ ಅದರ ಇಂಚು ಇಂಚೂ ಅವಳಿಗೆ ಗೊತ್ತಿತ್ತು. ಹದಿನಾಲ್ಕು ಅಡಿ ಉದ್ದ, ಹನ್ನೊಂದು ಅಗಲ. ಎಡ ಮೂಲೆಯಲ್ಲಿ ಕಂಬ. ಕಿಟಕಿ ಇಲ್ಲ. ಅವಳು ಹೇಳಿದಲ್ಲೇ ಸಬ್‌ವೂಫರ್, ಅವಳು ಹೇಳಿದಲ್ಲೇ ಇಬ್ಬರು ಕೂರುವ ಸೋಫಾ. ಗೋಡೆಯ ಮೇಲೆ ಬೆಲೆಪಟ್ಟಿ.

ಅನ್ಸಾಫ್ ಒಳಗಿನಿಂದ ಬಂದ. ಅವಳನ್ನು ಕಂಡು ಕೈಯಲ್ಲಿದ್ದ ವಯರಿನ ಸುರುಳಿಯನ್ನು ಎಲ್ಲಿಡುವುದೆಂದು ತಿಳಿಯದೆ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡ.

“ಹಾಲ್ ಚಂದ ಆಗಿದೆ” ಎಂದಳು ರಶೀನಾ.

“ಕೂತ್ಕೊಳ್ಳಿ. ಒಂದು ಮಾತು ಕೇಳಿ.”

ಕೂತಳು. ಅವನು ಬೇರೆ ಏನೂ ತೋಚದೆ ಸೆಟ್ ಹಾಕಿದ. ಸದ್ದು ನೇರ ಬಂದು ಅವಳ ಕಿವಿಗೆ ತಾಗಿತು, ಒಂದಿಂಚು ಮೇಲಿಲ್ಲ, ಒಂದಿಂಚು ಕೆಳಗಿಲ್ಲ. ಅಷ್ಟು ಚಂದದ ಸದ್ದನ್ನು ಅವಳು ತನ್ನ ಅಂಗಡಿಯಲ್ಲೂ ಕೇಳಿರಲಿಲ್ಲ. ಅದೇ ತಡೆಯಲಾಗದೆ ಹೋಯಿತು.

“ಬಂದ್ ಮಾಡಿ.”

ಬಂದ್ ಮಾಡಿದ.

“ಬೆಳ್ತಂಗಡಿಯಲ್ಲಿ ಮನೆ?”

“ಇಲ್ಲ. ಬಾಡಿಗೆ ಮನೆಯಲ್ಲಿ ಇದ್ದೇವೆ.” ಅವನು ಎದುರಿನ ಮೋಟು ಸ್ಟೂಲಿನಲ್ಲಿ ಕೂತ. “ಗಲ್ಫಿನಲ್ಲಿ ನಾನು ಉಳಿಸಿದ್ದು ಇದೊಂದು ಅಂಗಡಿಗೆ ಆಗುವಷ್ಟೇ. ನೇರ ಬಂದು ಕೇಳಿದ್ರೆ ನಿಮ್ಮ ಉಪ್ಪ ಕಲಿಸ್ತಿದ್ರಾ? ಮೊದಲ ಎರಡು ಸಲ ಬಂದದ್ದು ಕಲೀಲಿಕ್ಕೆ, ಒಪ್ತೇನೆ. ಆಮೇಲೆ ಬಂದದ್ದು ನಿಮಗಾಗಿ. ಸುಳ್ಳು ಹೇಳಿದ್ದು ಮನೆ ಒಂದೇ, ರಶೀನಾ. ಉಳಿದದ್ದೆಲ್ಲ ನಿಜ.”

“ಮನೆ ಅಂತ ಹೇಳಿದ್ದಕ್ಕೇ ಅಲ್ವಾ ನಾನು ಉಳಿದದ್ದೆಲ್ಲ ಕೊಟ್ಟದ್ದು?”

ಅವನು ತಲೆ ತಗ್ಗಿಸಿದ. “ಮುಂದಿನ ಶುಕ್ರವಾರ ಉಮ್ಮ ಬರ್ತಾರೆ. ಈ ಅಂಗಡಿಯನ್ನು ನೀವೇ ನೋಡಿಕೊಳ್ಳಿ. ಅಂಗಡಿ ಬಿಡಿ ಅಂತ ನಾನು ಹೇಳುದಿಲ್ಲ.”

ಅಂಥ ಮಾತು ಹೇಳುವ ಗಂಡಸಿಗಾಗಿ ಅವಳು ಎಷ್ಟೋ ವರ್ಷ ಕಾದಿದ್ದಳು. ಅವನ ಮುಖದಲ್ಲಿ ಆಸೆಯೂ ನಿಜವಾಗಿತ್ತು, ನಾಚಿಕೆಯೂ ನಿಜವಾಗಿತ್ತು. ಅವಳು ಎರಡನ್ನೂ ನೋಡಿದಳು. ಹೂಂ ಅನ್ನುವುದು ಎಷ್ಟು ಸುಲಭ ಎಂದೂ ಅನ್ನಿಸಿತು. ಆದರೆ ನಾಳೆ ಇವನು ಏನಾದರೂ ಪ್ರೀತಿಯಿಂದ ಕೇಳಿದರೆ, ಇದು ಯಾವುದಕ್ಕೆ ಎಂದು ತಾನು ಪ್ರತಿಸಲ ಯೋಚಿಸಬೇಕಲ್ಲ. ಹಾಗೆ ಸಂಸಾರ ಮಾಡಲು ತನ್ನಿಂದಾಗದು.

“ಉಮ್ಮನನ್ನು ಕಳಿಸಬೇಡಿ” ಎಂದು ಎದ್ದಳು. “ವಯಸ್ಸಾದವರು, ಬಸ್ಸಿನಲ್ಲಿ ಸುಮ್ಮನೆ ಕಷ್ಟ.”

ಅವನು ಬಸ್ ಸ್ಟ್ಯಾಂಡಿನವರೆಗೂ ನಾಲ್ಕು ಹೆಜ್ಜೆ ಹಿಂದೆ ಬಂದ. ಬಸ್ಸು ಹೊರಡುವವರೆಗೆ ಕಿಟಕಿಯ ಕೆಳಗೆ ನಿಂತಿದ್ದ. ಅವಳು ನೋಡಲಿಲ್ಲ ಎಂದೇನಿಲ್ಲ, ಒಂದು ಸಲ ನೋಡಿದಳು.

ಉಪ್ಪನಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಮೆಲ್ಲಗೆ ಹೇಳಿದರೆ ಅವರಿಗೆ ಕೇಳದು. ಗಟ್ಟಿಯಾಗಿ ಹೇಳಿದರೆ ಪಕ್ಕದ ಟೈಲರ್ ಇಬ್ರಾಹಿಂನ ಮೆಷಿನ್ ನಿಲ್ಲುತ್ತದೆ.

“ಮನೆ ಕಟ್ತೇನೆ ಅಂದ ಆ ಶಾರ್ಜಾದವನಿಗೆ ಅಳತೆಯ ಕಾಗದ ನಾನು ಕೊಟ್ಟೆ, ಉಪ್ಪ. ಅವನು ಮೂಡುಬಿದಿರೆಯಲ್ಲಿ ಅಂಗಡಿ ಹಾಕಿದ್ದಾನೆ.”

“ಎಂತ?”

ಅವಳು ಇನ್ನೊಮ್ಮೆ ಗಟ್ಟಿಯಾಗಿ ಹೇಳಿದಳು. ಮೆಷಿನ್ ನಿಂತಿತು.

“ಯಾಕೆ ಕೊಟ್ಟಿ?”

“ಮದುವೆ ಆಗ್ತಾನೆ ಅಂತ.”

“ಆಗುದಿಲ್ಲ ಅಂದನಾ?”

“ಆಗ್ತೇನೆ ಅಂದ. ನಾನೇ ಬೇಡ ಅಂದೆ.”

ಹಸೈನಾರ್ ಕನ್ನಡಕ ತೆಗೆದು ಒರೆಸಿದರು. “ಅಳತೆ ಹೋದ್ರೆ ಹೋಯ್ತು. ನಾನೂ ಅದನ್ನು ಬೊಂಬಾಯಿಯಲ್ಲಿ ಒಬ್ಬ ಸೇಟುವಿನ ಅಂಗಡಿಯಲ್ಲಿ ಕದ್ದು ನೋಡಿಯೇ ಕಲಿತದ್ದು. ಆದರೆ ಅವನ ಮಗಳ ಹತ್ತಿರ ಮನೆ ಕಟ್ತೇನೆ ಅಂತ ಹೇಳಿರಲಿಲ್ಲ.”

ಅಷ್ಟು ಹೇಳಿ ಅವರು ಮತ್ತೆ ಕೆಲಸಕ್ಕೆ ಕೂತರು. ಪಕ್ಕದ ಮೆಷಿನ್ ಶುರುವಾಯಿತು. ರಶೀನಾ ಒಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಉಪ್ಪನಿಗೆ ಅದು ಕೇಳಲಿಲ್ಲ.

ಆ ವರ್ಷದಿಂದ ಮೂಡುಬಿದಿರೆ, ಬೆಳ್ತಂಗಡಿ ಕಡೆಯ ಗಿರಾಕಿಗಳು ಪಾಣೆಮಂಗಳೂರಿಗೆ ಬರುವುದು ನಿಂತಿತು. ಬಂಟ್ವಾಳದವರು ಬರುತ್ತಿದ್ದರು, ಅಂಗಡಿ ಮುಚ್ಚಲಿಲ್ಲ. ಅನ್ಸಾಫನ ವ್ಯಾಪಾರ ಚೆನ್ನಾಗಿಯೇ ನಡೆಯಿತು. ಅವನ ಮೇಲಿನ ಆಸೆ ಪೂರ್ತಿ ಹೋಗಲು ಅವಳಿಗೆ ಎರಡು ವರ್ಷ ಹಿಡಿಯಿತು. ಕಳೆದುಕೊಂಡದ್ದು ಮನಸಾರೆ ಇಷ್ಟಪಟ್ಟ ಒಬ್ಬ ಗಂಡಸನ್ನು, ಅರ್ಧ ವ್ಯಾಪಾರವನ್ನು. ಬದಲಿಗೆ ಏನೂ ಸಿಗಲಿಲ್ಲ.