ಷರಾ ಖಾನೆಯ ಬೈಗುಳ

ಅವನ ಅಂಗಿ ಜೇಬಿನಲ್ಲಿ ಅರ್ಧ ಚೀಪಿದ ಪೆಪ್ಪರಮೆಂಟು ಸಿಕ್ಕ ದಿನವೇ ನಾನು ತೀರ್ಮಾನ ಮಾಡಿಬಿಟ್ಟಿದ್ದೆ. ಈ ಮನುಷ್ಯನನ್ನು ಯಾರು ಕಟ್ಟಿಕೊಳ್ಳುತ್ತಾರೋ ಅವರಿಗೆ ದೇವರೇ ಗತಿ.

ನಮ್ಮದು ಡ್ರೈಕ್ಲೀನಿಂಗ್ ಅಂಗಡಿ. ಹಿಂದೆ ಇಸ್ತ್ರಿ ಮೇಜಿನ ಹತ್ತಿರ ಅಪ್ಪ, ಮುಂದೆ ಕೌಂಟರಿನಲ್ಲಿ ನಾನು. ಹದಿಮೂರು ವರ್ಷದಿಂದ ಊರವರ ಕೊಳೆಯನ್ನು ಕಣ್ಣಾರೆ ನೋಡುತ್ತಿದ್ದೇನೆ. ಕಾಲರಿನ ಜಿಡ್ಡು, ಕಂಕುಳಿನ ಹಳದಿ, ಕೋಟಿನ ತೋಳಿಗೆ ಒರೆಸಿದ ಮೂಗು. ದೊಡ್ಡ ದೊಡ್ಡ ಮನುಷ್ಯರದೇ ಹೆಚ್ಚು. ಎಲ್ಲದಕ್ಕೂ ನನ್ನ ಬಾಯಿಂದ ಬರುವುದು ಒಂದೇ ಮಾತು, 'ಛೀ'. ಬೀದಿಯವರು ನನಗೆ 'ಛೀ ಮೇಡಂ' ಅಂತಲೇ ಹೆಸರಿಟ್ಟಿದ್ದಾರೆ. ಇಟ್ಟುಕೊಳ್ಳಲಿ, ನನಗೇನು.

ಅವನು ಎದುರು ಸಾಲಿನ ಕಂಪ್ಯೂಟರ್ ರಿಪೇರಿಯವನು. ಮಾತಾಡುವಾಗ 'ನೀವು' ಅನ್ನುತ್ತೇನೆ, ಮನಸ್ಸಿನಲ್ಲಿ ಅವನ ಹೆಸರು 'ಶಾಯಿ ಜೇಬು'. ಪೆನ್ನಿಗೆ ಮುಚ್ಚಳ ಅಂತ ಒಂದಿರುತ್ತದೆ ಎಂದು ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಪ್ರತಿ ಗುರುವಾರ ನಾಲ್ಕು ಅಂಗಿ ತರುತ್ತಾನೆ. ನಾಲ್ಕರ ಜೇಬಿನ ಕೆಳಗೂ ನೀಲಿ.

ಈ ಗುರುವಾರ ತಂದಿದ್ದು ಒಂದೇ ಅಂಗಿ. ಬಿಳಿಯದು, ಗರಿಗರಿ ಹೊಸದು. ಜೇಬಿನ ಕೆಳಗೆ ಅದೇ ನೀಲಿ.

"ಛೀ! ಹೊಸಾದಕ್ಕೂ ಮಾಡ್ಕೊಂಡ್ರಾ?"

"ಸುಮ್ನೆ ಹಾಕ್ಕೊಂಡು ನೋಡ್ದೆ, ಮೇಡಂ. ಅಷ್ಟ್ರಲ್ಲೇ..."

"ಅಷ್ಟ್ರಲ್ಲೇ ಪೆನ್ನೂ ಇಟ್ಕೊಂಡು ನೋಡಿದ್ರಿ."

"ಹೂಂ." ಕತ್ತು ಕೆರೆದುಕೊಂಡ. "ಭಾನುವಾರಕ್ಕೆ ಬೇಕಿತ್ತು."

"ಏನು ಭಾನುವಾರ?"

"ಅಕ್ಕ ಯಾರನ್ನೋ ನೋಡಿದಾಳೆ. ಟೀಚರಂತೆ. ಹೋಗಿ ಮಾತಾಡ್ಸು, ಇಬ್ರಿಗೂ ಒಪ್ಪಿಗೆ ಆದ್ರೆ ಈ ವರ್ಷವೇ ಮದುವೆ ಮುಗ್ಸೋಣ ಅಂತಾಳೆ."

ಹೇಳಿ ನನ್ನ ಮುಖವನ್ನೇ ನೋಡಿದ. ಅವನ ಕಣ್ಣಿನ ರೆಪ್ಪೆ ಉದ್ದ. ಅದೊಂದು ಬೇರೆ ಕೇಡು. ನಾನು ಅಂಗಿ ತಿರುವಿ ಹಾಕಿ ಗುಂಡಿ ಎಣಿಸುವವಳ ಹಾಗೆ ಎಣಿಸಿದೆ.

ಸುಳ್ಳು ಯಾಕೆ ಹೇಳಲಿ? ಈ ಕೊಳಕು ಮನುಷ್ಯ ನನಗೆ ಬೇಕಿತ್ತು. ಎರಡು ವರ್ಷದಿಂದ ಬೇಕಿತ್ತು. ಗುರುವಾರ ಬಂತೆಂದರೆ ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಕೂದಲು ಎರಡು ಸಲ ಬಾಚಿಕೊಂಡು ಕೂರುತ್ತಿದ್ದೆ. ಮೂವತ್ತೈದು ದಾಟಿದ ಹೆಂಗಸು, ಅದೂ ಒಬ್ಬ ಪೆಪ್ಪರಮೆಂಟು ಗಿರಾಕಿಗಾಗಿ! ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಯಾವಾಗ ಬೇಕು?" ಅಂದೆ.

ಅವನ ಮುಖ ಯಾಕೋ ಇಳಿಯಿತು. "ಶನಿವಾರ ಸಂಜೆ."

ಚೀಟಿ ಮಾಡಲು ಕಂಪ್ಯೂಟರಿನ ಕಡೆ ತಿರುಗಿದೆ. ಪರದೆಯ ಮೇಲೆ ಕೆಂಪು ಪಟ್ಟಿ ಬಂದಿತ್ತು. ನಮ್ಮ ಆರ್ಡರೆಲ್ಲ ಒಂದು ವೆಬ್‌ಸೈಟಿನಲ್ಲೇ ನಡೆಯುವುದು. ಆಸ್ಪತ್ರೆಯ ಬಿಳಿ ಕೋಟು, ಹೋಟೆಲಿನ ಪರದೆ ಎಲ್ಲಾ ಅಲ್ಲಿಂದಲೇ ಬರುತ್ತವೆ. ಸೋಮವಾರದಿಂದ ಅದು ನಮ್ಮ ಹಳೇ ಬ್ರೌಸರಿನಲ್ಲಿ ತೆರೆಯುವುದಿಲ್ಲವಂತೆ.

ಅವನು ಕೌಂಟರಿನ ಮೇಲಿಂದ ಬಗ್ಗಿ ನೋಡಿದ. ನೋಡಿದವನೇ ಅಂದ, "ಛೀ!"

ನನ್ನ ಮಾತು ಇನ್ನೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

"ಏನ್ ಛೀ?"

"ಇದಿನ್ನೂ ಬದುಕಿದೆಯಾ, ಮೇಡಂ? ಮೇಲ್ಗಡೆ ನೋಡಿ, ಆರು ಪಟ್ಟಿ. ಯಾವ್ದೋ ಹುಡುಕೋ ಪಟ್ಟಿ, ಹವಾಮಾನದ್ದು, ಜೂಜಿಂದು. ಕೆಳಗೆ ಕುಣೀತಿರೋ ಬೆಕ್ಕು ಯಾರು?"

"ತಾನಾಗೇ ಬಂತು. ಹೋಗ್ತಾ ಇಲ್ಲ."

"ನಾಲ್ಕು ಬೆರಳು ಜಾಗದಲ್ಲಿ ಹೆಂಗೆ ಕೆಲ್ಸ ಮಾಡ್ತೀರಿ? ನಮ್ಮ ಕಾಲರ್‌ನ ಬೈತೀರಲ್ಲ, ಇದು ಯಾವ ಕಾಲರ್‌ಗೆ ಕಮ್ಮಿ?"

ಕಿವಿ ಬಿಸಿಯಾಯಿತು. ಸಿಟ್ಟಿಗೋ, ಅವನು ಅಷ್ಟು ಹತ್ತಿರ ಬಗ್ಗಿದ್ದಕ್ಕೋ, ಗೊತ್ತಿಲ್ಲ.

"ಶನಿವಾರ ಬರ್ತೀನಿ," ಅಂದ. "ಇದನ್ನ ಮಣ್ಣು ಮಾಡಿ, ಹೊಸಾದು ಹಾಕಿ, ಅಂಗಿ ತಗೊಂಡು ಹೋಗ್ತೀನಿ."

ಅವನು ಹೋದ ಮೇಲೆ ನಾನು ಅವನ ಪುಟ ತೆರೆದೆ. ಪ್ರತಿ ಗಿರಾಕಿಯ ಪುಟದ ಕೊನೆಗೆ 'ಷರಾ' ಅಂತ ಒಂದು ಖಾನೆ ಇರುತ್ತದೆ, ಕಲೆ ಯಾವುದು, ಗುಂಡಿ ಹೋಗಿದೆಯಾ ಅಂತ ಬರೆಯುವುದಕ್ಕೆ. ಕೆಲಸದ ಮಾತನ್ನು ನಾನು ಇಂಗ್ಲಿಷಿನಲ್ಲಿ ಎರಡಕ್ಷರ ಬರೆದು ಮುಗಿಸುತ್ತಿದ್ದೆ. ಕನ್ನಡದಲ್ಲಿ ಬರೆದರೆ ಆ ಮುದಿ ಬ್ರೌಸರ್ ಪ್ರತಿ ಅಕ್ಷರವನ್ನೂ ಖಾಲಿ ಚೌಕ ಮಾಡಿ ತೋರಿಸುತ್ತಿತ್ತು. ಸಾಲಿಗೆ ಸಾಲು ಬರೀ ಚೌಕ. ಬಟ್ಟೆ ರೆಡಿ ಅಂತ ಒತ್ತಿದ ಕೂಡಲೇ ಆ ಖಾನೆಯೂ ತಾನಾಗಿ ಖಾಲಿಯಾಗುತ್ತಿತ್ತು. ಹಾಗಾಗಿ ಮನಸ್ಸಿನ ಮಾತನ್ನೆಲ್ಲ ನಾನು ಅಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೆ. ಬೈದ ಸಮಾಧಾನವೂ ಸಿಗುತ್ತಿತ್ತು, ಯಾರಿಗೂ ಗೊತ್ತೂ ಆಗುತ್ತಿರಲಿಲ್ಲ. ಬರೆಯುವಾಗ ಕೆಳಗೆ ಚೌಕಗಳದೇ ಒಂದು ಉದ್ದ ಪಟ್ಟಿ ಇಳಿಯುತ್ತಿತ್ತು. ಅದನ್ನೂ ಆ ಬ್ರೌಸರಿನ ರೋಗಗಳಲ್ಲಿ ಒಂದು ಅಂದುಕೊಂಡಿದ್ದೆ.

ಅವತ್ತೂ ಒಂದು ಸಾಲು ಬರೆದೆ. ಸೇವ್ ಒತ್ತಿ ಎದ್ದೆ.

ಶುಕ್ರವಾರ ಆ ಅಂಗಿ ನನ್ನ ಮುಂದೆ ಬಿದ್ದಿತ್ತು. ಶಾಯಿ ತೆಗೆಯುವುದಕ್ಕೆ ತಾಳ್ಮೆ ಬೇಕು. ಕೆಳಗೆ ಬಿಳಿ ಬಟ್ಟೆ ಹಾಸಿ, ಹತ್ತಿಗೆ ಸ್ಪಿರಿಟ್ ಅದ್ದಿ, ಅಂಚಿನಿಂದ ಒಳಕ್ಕೆ ಒತ್ತುತ್ತಾ ಬರಬೇಕು. ಉಜ್ಜಿದರೆ ಕೆಟ್ಟಿತು. ಒತ್ತುತ್ತಾ ಒತ್ತುತ್ತಾ ನನಗೊಂದು ದುರ್ಬುದ್ಧಿ ಬಂತು. ಹೀಗೇ ಬಿಟ್ಟುಬಿಟ್ಟರೆ? ಎದೆಯ ಮೇಲೆ ನೀಲಿ ಇಟ್ಟುಕೊಂಡು ಹೋಗಲಿ, ಟೀಚರಮ್ಮ ನೋಡಲಿ, ಮೂಗು ಮುರಿಯಲಿ.

ಥೂ ನನ್ನ ಜನ್ಮಕ್ಕೆ! ಇನ್ನೊಬ್ಬ ಹೆಣ್ಣುಮಗಳ ಮೇಲಿನ ಹೊಟ್ಟೆಕಿಚ್ಚಿಗೆ ಕೈಯಾರೆ ಕೆಲಸ ಕೆಡಿಸುವುದೇ? ಹತ್ತಿ ಬದಲಾಯಿಸಿದೆ. ನೀಲಿ ಪೂರ್ತಿ ಹೋಗುವವರೆಗೂ ತಲೆ ಎತ್ತಲಿಲ್ಲ. ಹೋದ ಮೇಲೆ ಅಂಗಿಯನ್ನು ಬೆಳಕಿಗೆ ಹಿಡಿದು ನೋಡಿದೆ, ಕಣ್ಣು ತುಂಬಿಕೊಂಡಿತು. ಸ್ಪಿರಿಟ್ ವಾಸನೆಗೆ ಅಂತ ಅಪ್ಪನಿಗೆ ಹೇಳಿದೆ.

ಶನಿವಾರ ನಾಲ್ಕು ಗಂಟೆಗೆ ಬಂದ. ಬಂದವನು ಮೊದಲು ಕೀಬೋರ್ಡನ್ನು ತಲೆಕೆಳಗು ಮಾಡಿ ಕೊಡವಿದ. ಬಿಸ್ಕತ್ತಿನ ಪುಡಿ, ಉಗುರು, ಒಂದು ಸತ್ತ ಜಿರಲೆಯ ಕಾಲು.

"ಛೀ ಮೇಡಂ..." ಅಂದ.

"ಕರೆದಿದ್ದೋ, ಬೈದಿದ್ದೋ?"

"ಎರಡೂ."

ನಗು ಬಂತು. ಅದುಮಿಕೊಂಡೆ. ನಾಳೆ ಇನ್ನೊಬ್ಬಳ ಎದುರು ಕೂರುವವನ ಜೊತೆ ನನಗೇನು ನಗು?

ಮೂರು ಬ್ರೌಸರ್ ಹಾಕಿ ತೋರಿಸುತ್ತೇನೆ, ಆರಿಸುವುದು ನೀವು ಅಂದ. ಮೊದಲನೆಯದು ತೆರೆದ ಕೂಡಲೇ ಹೆಸರು ಕೇಳಿತು, ಇಮೇಲ್ ಕೇಳಿತು, ಫೋನ್ ನಂಬರ್ ಕೇಳಿತು, ಹುಟ್ಟಿದ ದಿನವನ್ನೂ ಕೇಳಿತು.

"ಬಾಗಿಲಲ್ಲೇ ನಿಂತು ವಯಸ್ಸು ಕೇಳೋ ನೆಂಟರ ಹಾಗಿದೆ. ಬೇಡ."

ಎರಡನೆಯದರ ಮೊದಲ ಪುಟದಲ್ಲೇ ಯಾರದೋ ವಿಚ್ಛೇದನ, ಯಾರದೋ ಬೊಜ್ಜು, ಕಾಲುಗುರಿನ ಹುಳುಕಿಗೆ ಮದ್ದು, ಅದೂ ಫೋಟೊ ಸಮೇತ.

"ಅಸಹ್ಯ! ಮುಚ್ರೀ ಅದನ್ನ."

"ಇದು ಫಾಸ್ಟು, ಮೇಡಂ."

"ಗಟಾರಾನೂ ಮಳೇಲಿ ಫಾಸ್ಟಾಗೇ ಹರಿಯುತ್ತೆ."

ಹಿಂದಿನಿಂದ ಅಪ್ಪ ಕೂಗಿದರು. "ಹಳೇದೇ ಇರ್ಲಿ ಬಿಡಮ್ಮಾ! ಆ ಬೆಕ್ಕು ಪಾಪ, ಅಭ್ಯಾಸ ಆಗೋಗಿದೆ."

ಮೂರನೆಯದು ತೆರೆದಾಗ ಬಿಳಿ ಪುಟ, ನಡುವೆ ಒಂದು ಗೆರೆ, ಅಷ್ಟೇ. ಏನೂ ಕೇಳಲಿಲ್ಲ, ಏನೂ ತೋರಿಸಲಿಲ್ಲ. ನಾನು ಬಗ್ಗಿ ನೋಡಿದೆ. ಅವನು ಪರದೆ ಬಿಟ್ಟು ನನ್ನನ್ನೇ ನೋಡುತ್ತಿದ್ದ.

"ಏನು ನೋಡ್ತಿದೀರಿ?"

"ನೀವು ಛೀ ಅಂತೀರೇನೋ ಅಂತ."

"ಅನ್ನಲ್ಲ. ಇದೇ ಇರ್ಲಿ."

"ಹಳೇದ್ರಲ್ಲಿ ಇರೋದನ್ನ ಏನೇನು ತರ್ಲಿ?"

"ಎಲ್ಲಾ ತನ್ನಿ. ಒಬ್ಬ ಗಿರಾಕಿ ಹೆಸರೂ ಬಿಟ್ಟುಹೋಗ್ಬಾರ್ದು."

"ಖಾನೆಗಳಲ್ಲಿ ಟೈಪ್ ಮಾಡಿದ್ದೂ?"

"ಎಲ್ಲಾ ಅಂದ್ನಲ್ಲ! ಕಿವೀಲೂ ಕೊಳೆನಾ?"

ನಗುತ್ತಾ ಒತ್ತಿದ. ಪುಟ ತೆರೆಯಿತು. ಗಿರಾಕಿಗಳೆಲ್ಲ ಸಾಲಾಗಿ ಬಂದರು.

"ಕನ್ನಡ ಸರಿಯಾಗಿ ಬರುತ್ತಾ ನೋಡ್ಬಿಡೋಣ," ಅಂತ ತನ್ನದೇ ಪುಟಕ್ಕೆ ಹೋದ. "ನನ್ನ ಷರಾ ನಂಗೆ ಬಾಯಿಪಾಠ. ಶಾಯಿ ಅಂತ ಬರೀತೀನಿ."

'ಶಾಯಿ' ಅಂತ ಬರೆದ. ದುಂಡಗೆ, ಸ್ಪಷ್ಟವಾಗಿ ಮೂಡಿತು. ಅದರ ಕೆಳಗೆ, ಆ ಖಾನೆಯಲ್ಲಿ ನಾನು ಹಿಂದೆ 'ಶಾಯಿ' ಅಂತ ಶುರುಮಾಡಿ ಬರೆದದ್ದೆಲ್ಲ ಪಟ್ಟಿಯಾಗಿ ಇಳಿಯಿತು. ಈ ಸಲ ಚೌಕಗಳಲ್ಲ.

*ಶಾಯಿ ಜೇಬು: ಛೀ, ಪೆಪ್ಪರಮೆಂಟು. ಚೀಪಿದ್ದು.*

*ಶಾಯಿ ಜೇಬು: ಈ ಕಾಲರ್ ನೋಡಿದರೆ ಊಟ ಸೇರಲ್ಲ. ಕತ್ತು ತಿಕ್ಕಿಕೋ ಅನ್ನೋರು ಇವನಿಗೆ ಯಾರೂ ಇಲ್ವಾ?*

*ಶಾಯಿ ಜೇಬು: ಇವತ್ತು ನಕ್ಕ. ಹಲ್ಲು ಮಾತ್ರ ಕ್ಲೀನು.*

*ಶಾಯಿ ಜೇಬು: ಗುರುವಾರ. ಬರಲಿಲ್ಲ.*

*ಶಾಯಿ ಜೇಬು: ಶುಕ್ರವಾರಾನೂ ಇಲ್ಲ. ಎಲ್ಲಿ ಹಾಳಾಗಿ ಹೋದ?*

*ಶಾಯಿ ಜೇಬು: ಜ್ವರ ಅಂತೆ. ಹೇಳಿಕಳಿಸಬಾರದಾ ಪಾಪಿ. ನಾಲ್ಕು ದಿನ ನನಗೆ ನಿದ್ದೆ ಇಲ್ಲ.*

*ಶಾಯಿ ಜೇಬು: ಟೀಚರಂತೆ. ಛೀ ಛೀ ಛೀ.*

ನನ್ನ ಕೈಗೆ ಸಿಕ್ಕಿದ್ದು ಆಸ್ಪತ್ರೆಯ ಕೋಟು. ಅದನ್ನೇ ಪರದೆಯ ಮೇಲೆ ಎಸೆದೆ. ಅವನು ಮೆಲ್ಲಗೆ ಅದರ ತುದಿ ಎತ್ತಿ, ಬಗ್ಗಿ, ಉಳಿದದ್ದನ್ನೂ ಓದಿದ. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಇಳಿದುಬಿಡುತ್ತಿದ್ದೆ.

"ಅದು ಬೇರೆ ಗಿರಾಕಿ," ಅಂದೆ.

"ಅವನಿಗೂ ಟೀಚರ್ ನೋಡಿದಾರಾ?"

ನಾನು ಅಂಗಿಯ ಪೊಟ್ಟಣ ತೆಗೆದು ಅವನ ಮುಂದೆ ಕುಕ್ಕಿದೆ. "ತಗೊಂಡು ಹೋಗ್ರೀ. ಕಲೆ ಹೋಗಿದೆ. ನಾಳೆ ಹಾಕ್ಕೊಂಡು ಹೋಗಿ, ಚೆನ್ನಾಗಿ ಕಾಣ್ತೀರಿ." ಧ್ವನಿ ಒಡೆಯಿತು. ಅದಕ್ಕೂ ಹೇಸಿಗೆಯಾಯಿತು.

ಅವನು ಪೊಟ್ಟಣ ಮುಟ್ಟಲಿಲ್ಲ. ಆ ಉದ್ದ ರೆಪ್ಪೆಗಳನ್ನು ಕೆಳಗೆ ಮಾಡಿಕೊಂಡು ನಿಂತ.

"ಮೇಡಂ, ಈ ಒಂದು ಕಲೆ ನಾನೇ ಬೇಕೂಂತ ಮಾಡ್ಕೊಂಡೆ. ಹೊಸ ಅಂಗೀನ ಏನಂತ ಇಲ್ಲಿಗೆ ತರೋದು? ಭಾನುವಾರದ ಸುದ್ದಿ ನಿಮ್ಮ ಕಿವಿಗೆ ಹಾಕ್ಬೇಕಿತ್ತು. ಹೋಗ್ಬೇಡಿ ಅಂತೀರೇನೋ ಅಂತ ಆಸೆ. ನೀವು ಯಾವಾಗ ಬೇಕು ಅಂದ್ಬಿಟ್ರಿ."

"ಬೇಕೂಂತ! ಬೇಕೂಂತ ಶಾಯಿ ಚೆಲ್ಕೊಂಡ್ರಾ? ಎರಡು ಗಂಟೆ ಒತ್ತಿದೀನ್ರೀ ನಾನು! ಎರಡು ವರ್ಷದ್ದೂ ಹಿಂಗೇನಾ?"

"ಇಲ್ಲ ಇಲ್ಲ. ಮಿಕ್ಕಿದ್ದೆಲ್ಲಾ ನಿಜವಾದ ಕೊಳಕುತನಾನೇ."

ನನಗೆ ಅಳುವೂ ನಗುವೂ ಒಟ್ಟಿಗೇ ಬಂದು ಬಿಕ್ಕಳಿಕೆಯಾಯಿತು. ಅವನು ಫೋನ್ ತೆಗೆದ.

"ಅಕ್ಕಾ, ನಾಳೆ ಬರಲ್ಲ ನಾನು."

"ಯಾಕೋ? ಅಂಗಿ ರೆಡಿ ಇಲ್ವಾ?" ಆ ಕಡೆಯ ಧ್ವನಿ ನನಗೂ ಕೇಳುವಷ್ಟು ಗಟ್ಟಿಯಾಗಿತ್ತು.

"ಅಂಗಿ ರೆಡಿ ಇದೆ. ನಾನೇ ರೆಡಿ ಇಲ್ಲ."

"ಆ ಹುಡುಗಿಗೆ ಏನಂತ ಹೇಳ್ಲೋ? ಮಾನ ಕಳೀತೀಯಲ್ಲೋ!"

"ನಂದೇ ತಪ್ಪು ಅನ್ನು. ನಾನೇ ಫೋನ್ ಮಾಡಿ ಕ್ಷಮೆ ಕೇಳ್ತೀನಿ. ಅಕ್ಕಾ, ಇಲ್ಲೊಬ್ರು ಎರಡು ವರ್ಷದಿಂದ ನನ್ನ ಬೈತಿದಾರೆ. ನಂಗೆ ಇವತ್ತು ಗೊತ್ತಾಯ್ತು."

"ನಿನ್ನ ಕಾಲರ್ ಬಗ್ಗೆನಾ?"

"ಅದೂ ಇದೆ."

"ಹಾಗಾದ್ರೆ ಬಿಡ್ಬೇಡ. ನಂಗಂತೂ ಬೈದು ಬೈದು ಸಾಕಾಗಿದೆ."

ಫೋನ್ ಇಟ್ಟ. ಹಿಂದಿನಿಂದ ಅಪ್ಪ, "ಆಯ್ತೇನಮ್ಮಾ ಹೊಸಾದು?" ಅಂದರು. "ಆಯ್ತಪ್ಪಾ" ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ.

"ಈಗ ಬಾಯಿಬಿಟ್ಟು ಹೇಳಿ," ಅಂದ ಅವನು. "ಷರಾದಲ್ಲಿ ಬೇಡ."

"ಏನು ಹೇಳೋದು? ನಿಮ್ಮ ಜೇಬು ನೋಡಿದ್ರೆ ಹೇಸಿಗೆ, ಕಾಲರ್ ನೋಡಿದ್ರೆ ವಾಕರಿಕೆ. ಗುರುವಾರ ನೀವು ಬರ್ಲಿಲ್ಲ ಅಂದ್ರೆ ಮಾತ್ರ ಪ್ರಾಣ ಹೋದಂಗಾಗುತ್ತೆ. ಸಾಕಾ?"

"ಸಾಕು," ಅಂದ. ಕೌಂಟರಿನ ಮೇಲೆ ಕೈ ಚಾಚಿದ, ನನ್ನ ಕೈ ಹಿಡಿಯಲು. ನಾನು ನೋಡಿದೆ. ಐದೂ ಬೆರಳಿನ ತುದಿಗೆ ಕೀಬೋರ್ಡಿನ ಕಪ್ಪು ಜಿಡ್ಡು.

"ಛೀ! ಮೊದ್ಲು ಕೈ ತೊಳ್ಕೊಂಡು ಬನ್ನಿ."

ಮಗುವಿನ ಹಾಗೆ ಹೋದ. ಒಳಗೆ ನಲ್ಲಿಯ ಸದ್ದು, ಸೋಪು ಜಾರಿ ಬಿದ್ದ ಸದ್ದು, ಅಪ್ಪ ಏನೋ ಕೇಳಿದ್ದು, ಅವನು ಏನೋ ತೊದಲಿದ್ದು. ಮೊಣಕೈವರೆಗೂ ತೊಳೆದುಕೊಂಡು ಬಂದ. ಬಂದವನು ನನ್ನ ಕಣ್ಣೆದುರೇ, ಟವಲಿನ ರಾಶಿಯ ಪಕ್ಕದಲ್ಲೇ ನಿಂತು, ಎರಡೂ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ.

ಬಾಯಿ ತುಂಬಾ ಬಂತು. ನುಂಗಿಕೊಳ್ಳಲಿಲ್ಲ, "ಛೀ!" ಅಂದೇ ಬಿಟ್ಟೆ. ಅನ್ನುತ್ತಲೇ ಆ ಒದ್ದೆ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.