ಪಟ್ಟದ ಬೆಕ್ಕಿನ ತುರಿಕೆ

ಬಲು ಹಿಂದೆ, ಹೊಳೆಗಳಿಗೆ ಇನ್ನೂ ಮಾತು ಬರುತ್ತಿದ್ದ ಕಾಲದಲ್ಲಿ, ಸಿರಿಗಲ್ಲು ಎಂಬ ರಾಜ್ಯವಿತ್ತು. ಆ ರಾಜ್ಯಕ್ಕೆ ಪಟ್ಟದ ಆನೆ ಇರಲಿಲ್ಲ, ಪಟ್ಟದ ಬೆಕ್ಕು ಇತ್ತು. ರಾಜ ಸತ್ತಾಗ ಬೆಕ್ಕು ಯಾರ ಮಡಿಲಲ್ಲಿ ಮಲಗುತ್ತದೋ ಅವನೇ ಮುಂದಿನ ರಾಜ. ಬೇರೆ ರಾಜ್ಯಗಳಲ್ಲಿ ಇದಕ್ಕಾಗಿ ಯುದ್ಧ ಮಾಡುತ್ತಿದ್ದರು. ಸಿರಿಗಲ್ಲಿನಲ್ಲಿ ಒಂದು ಬಟ್ಟಲು ಹಾಲಿನಲ್ಲಿ ಮುಗಿಯುತ್ತಿತ್ತು.

ಬೆಕ್ಕಿನ ಹೆಸರು ಮುತ್ತಮ್ಮಣ್ಣಿ. ಅವಳಿಗೆ ಮಾತು ಬರುತ್ತಿತ್ತು. ಆದರೆ ಯಾರಾದರೂ ಕೇಳದೆ ಅವಳು ಮಾತಾಡುವಂತಿರಲಿಲ್ಲ, ರಾಜ್ಯದ ಗಡಿಯೊಳಗೆ ರಾಜನ ಹೊರತು ಯಾರೂ ಅವಳನ್ನು ಕೇಳುವಂತಿರಲಿಲ್ಲ. ರಾಜನೂ ದಿನಾ ಬೆಳಗ್ಗೆ ‘ಕ್ಷೇಮವೇ?’ ಎಂದಷ್ಟೇ ಕೇಳಬೇಕು. ಅವಳು ‘ಕ್ಷೇಮ’ ಎಂದಷ್ಟೇ ಹೇಳಬೇಕು. ಇದಕ್ಕೆ ಮರ್ಯಾದೆ ಎಂದು ಹೆಸರು.

ಅವಳು ಮಲಗುವುದು ಸಿಂಹಾಸನದ ಗಾದಿಯ ಮೇಲೆ, ರಾಜನ ಪಕ್ಕದಲ್ಲಿ. ಅದು ವಂಶದ ಮೂಲಪುರುಷ ಕೂತ ಗಾದಿ. ಏಳು ತಲೆಮಾರಿನಿಂದ ಅದನ್ನು ಯಾರೂ ಎತ್ತಿರಲಿಲ್ಲ, ಕೊಡವಿರಲಿಲ್ಲ, ಬಿಸಿಲಿಗೆ ಹಾಕಿರಲಿಲ್ಲ. ಇದಕ್ಕೆ ಭಕ್ತಿ ಎಂದು ಹೆಸರು.

ಹಿಂದಿನ ಪಟ್ಟಾಭಿಷೇಕದಲ್ಲಿ ಉಗ್ರಕೇಶನೆಂಬ ಮಾಂತ್ರಿಕ ಜೇಬಿನಲ್ಲಿ ಮೀನಿಟ್ಟುಕೊಂಡು ಬಂದು ಮಡಿಲು ಚಾಚಿದ್ದ. ಮುತ್ತಮ್ಮಣ್ಣಿ ಮೀನು ತಿಂದು ಎದ್ದುಹೋಗಿ ಈಗಿನ ರಾಜ ವೀರಭೂಪನ ಮಡಿಲಲ್ಲಿ ಮಲಗಿದಳು. “ಈ ಸಿಂಹಾಸನದ ಮೇಲೆ ಕೂತೇ ತೀರುತ್ತೇನೆ” ಎಂದು ಹೇಳಿ ಮಾಂತ್ರಿಕ ಹೊಗೆಯಾಗಿ ಮಾಯವಾದ. ಹೊಗೆ ಕಿಟಕಿಯಿಂದ ಹೋಯಿತು. ಅವನು ಎಲ್ಲಿ ಹೋದ ಎಂದು ಯಾರೂ ವಿಚಾರಿಸಲಿಲ್ಲ.

ಅದಾದ ಮೇಲೆ ಬೆಕ್ಕಿಗೆ ತುರಿಕೆ ಶುರುವಾಯಿತು. ಬಾಲದ ಬುಡದಲ್ಲಿ ಕೂದಲು ಉದುರಿತು. ಕುತ್ತಿಗೆಯ ಸುತ್ತ ರವೆಯಂಥ ಗುಳ್ಳೆಗಳೆದ್ದವು. ನೆಕ್ಕಿ ನೆಕ್ಕಿ ಹೊಟ್ಟೆ ಬೋಳಾಯಿತು. ಕೆರೆದ ಕಡೆಯೆಲ್ಲ ರಕ್ತ ಬಂತು. ರಾಜ ‘ಕ್ಷೇಮವೇ?’ ಎಂದ. ಅವಳು ‘ಕ್ಷೇಮ’ ಎಂದಳು.

ಆಸ್ಥಾನ ಸುಮ್ಮನೆ ಕೂರಲಿಲ್ಲ. ವೈದ್ಯರು ದಂತದ ಬಾಚಣಿಗೆಯಿಂದ ಬಾಚಿ, ಒಂದು ಚಿಗಟವೂ ಇಲ್ಲ, ಇದು ಉಷ್ಣ, ಮೀನು ನಿಲ್ಲಿಸಿ ಎಂದರು. ಜೋಯಿಸರು ಶನಿಯ ಕಡೆ ಬೆರಳು ತೋರಿಸಿದರು. ಪ್ರಧಾನಿ ಸೋಮರಸಯ್ಯನವರು ಇದು ಬರೀ ಅಶಿಸ್ತು ಎಂದರು. ಪರದೇಶದ ರಾಯಭಾರಿಯ ಎದುರಿಗೇ ಹಿಂಗಾಲೆತ್ತಿ ಕೆರೆದುಕೊಳ್ಳುವುದೆಂದರೇನು? ಸಭೆಯಲ್ಲಿ ಕೆರೆದುಕೊಳ್ಳಕೂಡದು ಎಂದು ಡಂಗುರ ಹೊಡೆಸಿದರು. ತುರಿಕೆಗೆ ಡಂಗುರ ಕೇಳಿಸಲಿಲ್ಲ. ಕೊನೆಗೆ ಪ್ರಧಾನಿಯೇ ತೀರ್ಮಾನ ಕೊಟ್ಟರು: ಬರುವ ಮೂರನೆಯ ಹುಣ್ಣಿಮೆಯೊಳಗೆ ವಾಸಿಯಾಗದಿದ್ದರೆ ಬೆಕ್ಕಿನ ಪಟ್ಟ ಕಳಚಿ, ಗೋಣಿಚೀಲದಲ್ಲಿ ಕಟ್ಟಿ ಹೊಳೆಗೆ ಬಿಡುವುದು. ತುರಿಸಿಕೊಂಡ ತಪ್ಪಿಗೆ.

ಬೆಕ್ಕಿನ ಆಳು ಮಾದು. ತಾಯಿಯಿಲ್ಲದ ಮರಿಯಾಗಿದ್ದಾಗ ಅವಳಿಗೆ ಬತ್ತಿಯಲ್ಲಿ ಹಾಲು ಕುಡಿಸಿ ಬದುಕಿಸಿದವನು. ಅವನು ರಾಜನ ಅಪ್ಪಣೆ ಪಡೆದು, ಮುತ್ತಮ್ಮಣ್ಣಿಯನ್ನು ಬುಟ್ಟಿಯಲ್ಲಿ ಕೂರಿಸಿಕೊಂಡು ಗಡಿಯಾಚೆ ಮದ್ದು ಹುಡುಕಲು ಹೊರಟ.

ಮೊದಲು ಬೆಳ್ಳಿಕೊಳಕ್ಕೆ ಹೋದ. ಅಲ್ಲಿನ ಮೊಸಳೆ ತನ್ನ ಬಾಯೊಳಗೆ ತಲೆಯಿಟ್ಟವರಿಗೆ ಮಾತ್ರ ನೀರು ಕೊಡುತ್ತಿತ್ತು. ಮಾದು ತಲೆಯಿಟ್ಟ. ವಾರಗಟ್ಟಲೆ ನಡೆದು ನೀರು ತಂದು ಅರಮನೆಯಲ್ಲಿ ಸ್ನಾನ ಮಾಡಿಸಿದ. ದಾರಿಯುದ್ದಕ್ಕೂ ನಿದ್ದೆ ಮಾಡಿದ್ದ ಮುತ್ತಮ್ಮಣ್ಣಿ ಗಾದಿ ಹತ್ತಿ ಮಲಗಿದಳು. ಹೊತ್ತು ಮುಳುಗುವಷ್ಟರಲ್ಲಿ ಕೆರೆದುಕೊಂಡಳು.

ಆಮೇಲೆ ನಡೆದಾಡುವ ಬೇವಿನ ಮರವನ್ನು ಹುಡುಕಿಕೊಂಡು ಹೋದ. ತನ್ನ ದೂರುಗಳನ್ನೆಲ್ಲ ಆಕಳಿಸದೆ ಕೇಳಿದವರಿಗೆ ಅದು ಎಲೆ ಕೊಡುತ್ತಿತ್ತು. ಮರಕ್ಕೆ ಬಹಳ ವಯಸ್ಸಾಗಿತ್ತು, ದೂರುಗಳೂ ಅಷ್ಟೇ ಇದ್ದವು. ಮಾದು ಆಕಳಿಸಲಿಲ್ಲ. ಎಲೆ ತಂದು ಅರೆದು ಹಚ್ಚಿದ. ದಾರಿಯುದ್ದಕ್ಕೂ ನಿದ್ದೆ ಮಾಡಿದ್ದ ಮುತ್ತಮ್ಮಣ್ಣಿ ಗಾದಿ ಹತ್ತಿ ಮಲಗಿದಳು. ಹೊತ್ತು ಮುಳುಗುವಷ್ಟರಲ್ಲಿ ಕೆರೆದುಕೊಂಡಳು. ಪ್ರಧಾನಿಯವರು ಗೋಣಿಚೀಲದ ಅಳತೆ ತೆಗೆಸಿದರು.

ಮೂರನೆಯದಾಗಿ ಗಂಧದ ಬೆಟ್ಟದ ನಾಗನ ಬಳಿಗೆ ಹೋದ. ಹೆಡೆಯ ಕೆಳಗೆ ಕೂತು ಕಣ್ಣು ಮಿಟುಕಿಸದೆ ಬೆಳಗಿನಿಂದ ಸಂಜೆಯವರೆಗೆ ಕಳೆದವರಿಗೆ ನಾಗ ಗಂಧ ಕೊಡುತ್ತಿತ್ತು. ಮಾದು ಕಣ್ಣು ಕೆಂಪಾಗಿಸಿಕೊಂಡು ಕೂತ. ನಾಗ ಗಂಧ ತೇಯುತ್ತ ಬುಟ್ಟಿಯೊಳಗೆ ಇಣುಕಿತು.

“ಮದ್ದು ಕೊಡ್ತೀನಪ್ಪ. ರೋಗ ಎಲ್ಲಿ?”

ಮಾದು ನೋಡಿದ. ಗುಳ್ಳೆ ಆರಿತ್ತು. ಬಾಲದ ಬುಡದಲ್ಲಿ ಹೊಸ ಕೂದಲು ಮೂಡಿತ್ತು. ಮೂರು ಸಲ ಗಡಿ ದಾಟಿದ್ದರೂ ಅವನು ಬೆಕ್ಕನ್ನು ಒಂದು ಮಾತೂ ಕೇಳಿರಲಿಲ್ಲ. ಮರ್ಯಾದೆ ರೂಢಿಯಾಗಿಬಿಟ್ಟಿತ್ತು. ಈಗ ಕೇಳಿದ: “ಅಮ್ಮಣ್ಣೀ, ನಿಮಗೆ ಏನಾಗ್ತಿದೆ?”

“ಸದ್ಯ, ಕೇಳಿದೆಯಲ್ಲ” ಎಂದಳು ಮುತ್ತಮ್ಮಣ್ಣಿ. “ಗಾದಿಯಲ್ಲಿ ಒಂದು ಚಿಗಟ ಇದೆ. ಒಂದೇ. ಅದರ ಕಡಿತ ನನ್ನ ಮೈಗೆ ಆಗಿಬರುವುದಿಲ್ಲ. ಬೇರೆ ಬೆಕ್ಕಾದರೆ ಕೊಡವಿಕೊಂಡು ಹೋಗ್ತದೆ. ನನಗೆ ಒಂದು ಸಲ ಕಚ್ಚಿದರೆ ವಾರವೆಲ್ಲ ಮೈ ಉರಿ. ಕಚ್ಚಿ ಗಾದಿಯೊಳಗೆ ಹೋಗಿ ಕೂತುಕೊಳ್ಳುತ್ತೆ. ನೀವು ನನ್ನನ್ನು ಬಾಚಿ, ಮೀಯಿಸಿ, ಉಪವಾಸ ಕೆಡವಿ, ಮತ್ತೆ ತಂದು ಅಲ್ಲೇ ಮಲಗಿಸ್ತೀರಿ. ನೀನಂತೂ ಮೊಸಳೆ ಬಾಯಿಗೇ ತಲೆ ಕೊಟ್ಟೆ. ಗಾದಿ ಎತ್ತಿ ನೋಡೋದಕ್ಕೆ ಮಾತ್ರ ಯಾರಿಗೂ ಧೈರ್ಯ ಇಲ್ಲ.”

ಗಡುವಿನ ಹುಣ್ಣಿಮೆಯ ಬೆಳಗ್ಗೆ ಮಾದು ಸಭೆಗೆ ಬಂದಾಗ ಚೀಲ ಸಿದ್ಧವಾಗಿತ್ತು. ಗಾದಿಯನ್ನು ಬಿಸಿಲಿಗೆ ಹಾಕಬೇಕು ಎಂದ. ಬೆಕ್ಕನ್ನು ಮುಳುಗಿಸುತ್ತೇವೆಂದಾಗ ತೆಪ್ಪಗಿದ್ದ ಸಭೆಗೆ ಆಗ ಸಿಟ್ಟು ಬಂತು. ಮಾದು ಮಾತು ಬೆಳೆಸದೆ ತನ್ನ ಹೆಗಲ ಮೇಲಿನ ಬಿಳಿ ವಲ್ಲಿಯಿಂದ ಗಾದಿಯನ್ನು ಒರೆಸಿ ತೋರಿಸಿದ. ಮೆಣಸಿನ ಪುಡಿಯಂಥ ಕಪ್ಪು ಕಣಗಳಿದ್ದವು. ನೀರು ಚಿಮುಕಿಸಿದ. ಕಣಗಳು ಕೆಂಪಗೆ ಹರಡಿದವು.

“ಇದು ಅಮ್ಮಣ್ಣಿಯ ರಕ್ತ, ಬುದ್ಧೀ. ಚಿಗಟ ಕುಡಿದು ಹಾಕಿದ್ದು” ಎಂದ.

ಪ್ರಧಾನಿಯವರು ಬಗ್ಗಿ ನೋಡಿ, ಮೂಲಪುರುಷರ ಕುಂಕುಮವಿರಬೇಕು ಎಂದರು.

ವೀರಭೂಪ ಬೆಕ್ಕಿನ ಕಡೆ ತಿರುಗಿದ. ಅವನಿಗೆ ಕೇಳಲು ಅವಕಾಶವಿದ್ದದ್ದು ಒಂದೇ ಮಾತು. “ಕ್ಷೇಮವೇ?”

“ಇಲ್ಲ” ಎಂದಳು ಮುತ್ತಮ್ಮಣ್ಣಿ.

ಏಳು ತಲೆಮಾರಿನಲ್ಲಿ ಯಾವ ಬೆಕ್ಕೂ ಹೀಗೆ ಹೇಳಿರಲಿಲ್ಲ. ರಾಜ, “ನಮಗೂ ಇಲ್ಲ. ಎಡತೊಡೆ ತುರಿಸುತ್ತದೆ. ರಾಜರು ಹೇಳಿಕೊಳ್ಳಬಾರದು ಅಂತ ಸುಮ್ಮನಿದ್ದೆವು” ಎಂದ. ಎದ್ದು, ತಾನೇ ಗಾದಿಯನ್ನು ಹೆಗಲಿಗೆ ಹಾಕಿಕೊಂಡು ಮಾಳಿಗೆ ಹತ್ತಿದ. ಸಭೆ ಹಿಂದೆಯೇ ಓಡಿತು.

ಬಿಸಿಲಲ್ಲಿ ಹಾಸಿ ಕೋಲಿನಿಂದ ಬಡಿದಾಗ ಏಳು ತಲೆಮಾರಿನ ಧೂಳೆದ್ದಿತು. ಅದರೊಳಗಿಂದ ಒಂದು ಚಿಗಟ ಹೊರಗೆ ನೆಗೆಯಿತು. ಅದಕ್ಕೆ ಜಡೆ ಇತ್ತು, ಹಣೆಯಲ್ಲಿ ವಿಭೂತಿ ಇತ್ತು.

“ನಾನು ಉಗ್ರಕೇಶ” ಎಂದಿತು ಚಿಗಟ. “ಕೂತೇ ತೀರುತ್ತೇನೆ ಅಂದಿದ್ದೆ, ಕೂತೆ. ಇಷ್ಟು ವರ್ಷ ನೀವು ಅಡ್ಡಬಿದ್ದದ್ದು ನನಗೇ. ಇವತ್ತು ಬೆಕ್ಕಿನ ಪಟ್ಟ ಕಳಚಿದ್ದರೆ ನನಗೆ ಮೊದಲಿನ ಗಾತ್ರ ಬಂದುಬಿಡುತ್ತಿತ್ತು. ಪ್ರಧಾನಿಯವರು ಬಹಳ ಉಪಕಾರ ಮಾಡುವುದರಲ್ಲಿದ್ದರು.”

ಪ್ರಧಾನಿಯವರು ಆಕಾಶ ನೋಡಿದರು. ಮಾಂತ್ರಿಕ ಇನ್ನೂ ಏನೋ ಹೇಳುವವನಿದ್ದ. ಮುತ್ತಮ್ಮಣ್ಣಿ ಅವನನ್ನು ಪಂಜದ ಕೆಳಗಿಟ್ಟು ಉಗುರಿನಿಂದ ಒತ್ತಿದಳು. ಚಟ್ ಎಂದಿತು. ದೊಡ್ಡ ಮಾಂತ್ರಿಕನಾದರೂ ಸದ್ದು ಅಷ್ಟೇ.

ಮಳೆಗಾಲದ ಹೊತ್ತಿಗೆ ಅವಳಿಗೆ ಮೈತುಂಬ ಕೂದಲು ಬಂತು. ಮೀನು ಮತ್ತೆ ಶುರುವಾಯಿತು. ಯಾರು ಬೇಕಾದರೂ ಅವಳನ್ನು ಮಾತಾಡಿಸಬಹುದೆಂದು ಅಪ್ಪಣೆಯಾಯಿತು. ಪ್ರಧಾನಿಯವರಿಗೆ ವಾರಕ್ಕೊಮ್ಮೆ ಗಾದಿ ಬಡಿಯುವ ಕೆಲಸ ಸಿಕ್ಕಿತು. ಕೆಲಸ ಗೌರವದ್ದೆಂದು ಅವರೇ ಎಲ್ಲರಿಗೂ ಹೇಳುತ್ತಿದ್ದರು. ಬಡಿದ ಗಾದಿಯ ಮೇಲೆ ಮುತ್ತಮ್ಮಣ್ಣಿ ಬಿಸಿಲು ಕಾಯಿಸುತ್ತ ಮಲಗುವಳು, ಪಕ್ಕದಲ್ಲಿ ಮಾದು ಅವಳ ಕಿವಿಯ ಹಿಂದೆ ಬಾಚುವನು. ಅವಳನ್ನು ಎಬ್ಬಿಸುವ ಮನಸ್ಸು ಯಾರಿಗೂ ಬರುತ್ತಿರಲಿಲ್ಲ. ಹಾಗಾಗಿ ಆ ದಿನ ರಾಜ ಬರಿ ಹಲಗೆಯ ಮೇಲೆ ಕೂತು ರಾಜ್ಯಭಾರ ಮಾಡುತ್ತಿದ್ದ. ಹಲಗೆ ಗಟ್ಟಿ. ತೀರ್ಪುಗಳು ಬೇಗ ಬೇಗ ಆಗುತ್ತಿದ್ದವು. ಸಿರಿಗಲ್ಲಿನ ಪ್ರಜೆಗಳು ಬಹುಕಾಲ ಸುಖವಾಗಿದ್ದರು.