ಹಗ್ಗ ಕಟ್ಟಿದ ಕಾರಿನ ಕೊಳೆ

“ಬೇರೆ ಯಾವ ಕಾರಿಂದಾದ್ರೂ ತುಕ್ಕು, ಜಿಡ್ಡು ಕೆರ್ಕೊಂಡು ಹೋಗಪ್ಪಾ. ಹಗ್ಗ ಕಟ್ಟಿರೋದ್ರ ತಂಟೆಗೆ ಮಾತ್ರ ಹೋಗ್ಬೇಡ,” ಎಂದಳು ಗುಜರಿ ಅಂಗಳದ ಇಸೊ ಅಜ್ಜಿ.

ಕುನಿಹಿಕೊ ನಕ್ಕ. ಅಬೆ ನದಿಯ ದಂಡೆಯ ಆ ಅಂಗಳದಲ್ಲಿ ಹಳೆಯ ಕಾರುಗಳು ಒಂದರ ಮೇಲೊಂದು ಬಿದ್ದಿದ್ದವು. ಆದರೆ ಅವನಿಗೆ ಬೇಕಾದ ಮಾದರಿ ಅದೊಂದೇ. ಮೂಲೆಯಲ್ಲಿ ಒಂಟಿಯಾಗಿ, ಕೇಡು ಹೊರಬರದಂತೆ ಸುತ್ತ ಮಂತ್ರಿಸಿದ ಹುಲ್ಲಿನ ಹಗ್ಗ ಬಿಗಿಸಿಕೊಂಡು ನಿಂತಿತ್ತು. ಹಗ್ಗಕ್ಕೆ ಕಟ್ಟಿದ ಬಿಳಿ ಕಾಗದ ಮಳೆಗೆ ನೆಂದು ಜೋತುಬಿದ್ದಿತ್ತು. ಅದೇ ಕಾರಿನ ಅಂಗೈಯಗಲದ ಪ್ಲಾಸ್ಟಿಕ್ ಪ್ರತಿಯನ್ನು ಅವನು ಮನೆಯಲ್ಲಿ ಕಟ್ಟುತ್ತಿದ್ದ. ಶಿಜುವೊಕಾದಲ್ಲಿ ಇಂಥ ಪುಟ್ಟ ಕಾರು ಕಟ್ಟುವ ಹುಚ್ಚಿನವರು ಬೀದಿಗೊಬ್ಬರು. ನಗೋಯಾದಿಂದ ಹೊಸದಾಗಿ ಬಂದ ಕುನಿಹಿಕೊಗೆ, ಅವರೆಲ್ಲರೂ ಮೂಗಿನ ಮೇಲೆ ಬೆರಳಿಡುವ ಹಾಗೆ ಮಾಡಬೇಕೆಂಬ ಹಟ. ತುಕ್ಕಿನ ಜಾಗಕ್ಕೆ ತುಕ್ಕನ್ನೇ ಬಳಿಯಬೇಕು, ಜಿಡ್ಡಿನ ಜಾಗಕ್ಕೆ ಜಿಡ್ಡನ್ನೇ ಬಳಿಯಬೇಕು, ಬಣ್ಣದ ಪುಡಿಯೆಲ್ಲ ಮಕ್ಕಳಾಟ ಎಂದು ಅವನ ವಾದ.

“ಒಬ್ಬಳು ಹೆಂಗಸಿದ್ಳು,” ಅಜ್ಜಿ ದನಿ ತಗ್ಗಿಸಿದಳು. “ಅವಳ ಗಂಡ ಈ ಕಾರಲ್ಲಿ ಇನ್ನೊಬ್ಬಳನ್ನ ಕೂರಿಸ್ಕೊಂಡು ತಿರುಗ್ತಿದ್ದ. ಇವಳು ಮೇಣಕ್ಕೆ ತನ್ನ ಉಗುಳು, ಉಗುರು, ಕೊಳೆತ ಮೀನಿನ ಕರುಳು ಕಲಸಿ, ಮಂತ್ರ ಹೇಳ್ತಾ ಕಾರಿಗೆಲ್ಲಾ ತಿಕ್ಕಿದ್ಳು. ‘ಇದನ್ನ ನಂದು ಅಂದೋರ ಮೈಗೆ ಇದ್ರ ಕೊಳೆ ಅಂಟ್ಲಿ’ ಅಂತ. ಅವನೋ, ಮಾತೆತ್ತಿದ್ರೆ ‘ನನ್ನ ಕಾರು, ನನ್ನ ಕಾರು’ ಅನ್ನೋನು. ಇದ್ರೊಳಗೇ ಕೂತು, ಜೀವ ಇರೋವಾಗ್ಲೇ ಕೊಳೆತ.”

“ನನ್ನ ಕಾರು ಇದ್ರ ಇಪ್ಪತ್ನಾಲ್ಕನೇ ಒಂದು ಪಾಲು, ಅಜ್ಜಿ. ಶಾಪನೂ ಅಷ್ಟೇ ಹತ್ತುತ್ತೆ ಬಿಡಿ.”

“ನಗ್ಬೇಡ. ತಗೊಂಡೇ ತೀರ್ತೀನಿ ಅಂದ್ರೆ ತಗೊ. ಆದ್ರೆ ಅದನ್ನ ‘ನಂದು’ ಅಂತ ಮಾತ್ರ ಅನ್ಬೇಡ.”

ಬೆಂಕಿ ಸುಡುತ್ತದೆ ಎಂದರೆ ಎಷ್ಟು ಸುಡುತ್ತದೆ ಎಂದು ಬೆರಳಿಟ್ಟು ನೋಡುವ ಪೈಕಿ ಈ ಮನುಷ್ಯ. ಹಗ್ಗ ದಾಟಿ, ಬಾಗಿಲು ಎಳೆದ. ಒಳಗಿಂದ ಬಂದ ಗಾಳಿ ಬೆಚ್ಚಗಿತ್ತು. ಹಳಸಿದ ಎಣ್ಣೆ, ನೆಂದ ಕೂದಲು, ಬಾಯಿ ತೊಳೆಯದವನ ಉಸಿರು ಎಲ್ಲ ಕಲಸಿದ ವಾಸನೆ. ಚಾಲಕನ ಸೀಟಿನಲ್ಲಿ ಮನುಷ್ಯನ ಬೆನ್ನಿನಷ್ಟು ಅಗಲಕ್ಕೆ ಕಂದು ಕಲೆ; ಅಲ್ಲಿಂದ ಜಿಡ್ಡನ್ನು ಕೆರೆದರೆ ಬೆಲ್ಲದ ಪಾಕದ ಹಾಗೆ ಎಳೆಯೆಳೆಯಾಗಿ ಬಂತು. ಅವನು ಸೀಸೆ ತುಂಬಿಕೊಂಡು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಹೊರಟ.

ಕುನಿಹಿಕೊನ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಅಕ್ಕಿಕಾಳಿನಷ್ಟು ಹಲ್ಲಿಗೆ ಹೊಳಪು ಕೊಡುವ ಕೈ ಅದು. ಮನೆಗೆ ಅನ್ನ ಹಾಕುವ ಕೈ. ಆ ಕೈಯಿಂದ ಅವನು ಪುಟ್ಟ ಕಾರಿನ ಬಾಗಿಲಂಚಿಗೆ ತುಕ್ಕು ಕೂರಿಸಿದ, ಚಕ್ರದ ಸಂದಿಗೆ ಜಿಡ್ಡು ಮೆತ್ತಿದ. ಸೀಟುಗಳಿಗೆ ಬಿಳಿ ಲೇಸಿನ ಹೊದಿಕೆ ಬೇಕಿತ್ತು. ಅದನ್ನು ಹೆಣೆದವಳು ಹೆಂಡತಿ ತೊಮೊಯೆ. ಭೂತಗನ್ನಡಿಯ ಕೆಳಗೆ, ಕೂದಲಿನಷ್ಟು ತೆಳುವಾದ ನೂಲಿನಲ್ಲಿ, ಕಣ್ಣಲ್ಲಿ ನೀರು ಸುರಿಸುತ್ತ ಹೆಣೆದಿದ್ದಳು.

“ರೀ, ಇದು ನಾರ್ತಾ ಇದೆ,” ಎಂದಳು ಆಕೆ ಒಮ್ಮೆ.

“ನಿಜವಾದದ್ದು ನಾರದೆ ಇನ್ನೇನು ಮಾಡುತ್ತೆ? ನೀನು ಹೆಣಿ.”

ವಸಂತದ ಪ್ರದರ್ಶನದಲ್ಲಿ ಆ ಕಾರಿನ ಮುಂದೆ ಜನ ಕದಲಲಿಲ್ಲ. ಪುಟ್ಟ ಕಾರು ಕಟ್ಟುವವರ ಕೂಟದ ಹಿರಿಯ ಮೊಚಿಜುಕಿ ಬಗ್ಗಿ ನೋಡಿ, ಮೂಗು ಮುಚ್ಚಿ ಹಿಂದೆ ಸರಿದ.

“ಇದು ಬಣ್ಣ ಅಲ್ಲ,” ಎಂದ. “ನಮ್ಮಲ್ಲಿ ಕೊಳೆನೂ ಬಣ್ಣದ್ದೇ ಆಗಿರ್ಬೇಕು ಅಂತ ಯಾಕೆ ಪದ್ಧತಿ ಇದೆ ಗೊತ್ತೇನಪ್ಪಾ? ನಿಜವಾದ ಕೊಳೆ ಹಿಂದೆ ಒಬ್ಬ ಮನುಷ್ಯ ಇರ್ತಾನೆ.” ಆಮೇಲೆ ಕಣ್ಣು ಕಿರಿದು ಮಾಡಿ ಕೇಳಿದ, “ಈ ಲೇಸು ಯಾರು ಮಾಡಿದ್ದು?”

ತೊಮೊಯೆ ಗಂಡನ ಬೆನ್ನ ಹಿಂದೆಯೇ ನಿಂತಿದ್ದಳು. ತುಟಿ ಅರ್ಧ ತೆರೆದಿದ್ದಳು.

“ಎಲ್ಲಾ ನಂದೇ,” ಎಂದ ಕುನಿಹಿಕೊ. ಕಾರಿನ ಮುಂದಿನ ಹೆಸರಿನ ಚೀಟಿಯನ್ನು ನೆಟ್ಟಗೆ ಮಾಡಿ, “ಒಂದೊಂದು ಎಳೆನೂ ನಂದು,” ಎಂದು ಸೇರಿಸಿದ. ಹೆಂಡತಿ ಬಾಯಿ ಮುಚ್ಚಿಕೊಂಡಳು.

ಮೊದಲು ಬಂದದ್ದು ಉಗುರಿನ ಸಂದಿಯ ಕಪ್ಪು. ತೊಳೆದ, ಹೋಗಲಿಲ್ಲ. ಬ್ರಶ್ಶಿನಿಂದ ತಿಕ್ಕಿದ, ಬೆರಳಿಗೆ ಹರಡಿತು. ಒಂದು ವಾರ ಕಳೆಯುವಷ್ಟರಲ್ಲಿ ಅಂಗೈ ಬೆವರಿದಲ್ಲೆಲ್ಲ ಕಂದು ಜಿಡ್ಡು ಒಸರತೊಡಗಿತು. ಅನ್ನದ ಬಟ್ಟಲು ಹಿಡಿದರೆ ಬಟ್ಟಲಿನ ಮೇಲೆ ಐದು ಬೆರಳಿನ ಅಚ್ಚು. ಬಿಸಿ ಅನ್ನದ ಮೇಲಿನ ಬೆಳ್ಳನೆಯ ಮರಿಮೀನು ಅವನ ಬಾಯಿಗೆ ಹೋಗುವಷ್ಟರಲ್ಲಿ ಕೊಳೆತ ಕರುಳಿನ ರುಚಿ. ಕೆಮ್ಮಿದರೆ ಗಂಟಲಿಂದ ಕೂದಲೆಳೆ. ಎಳೆದರೆ ಮುಗಿಯದಷ್ಟು ಉದ್ದ. ಅದು ಅವನ ಕೂದಲಲ್ಲ.

ಅವನು ಮಾಡಿಕೊಟ್ಟ ಹಲ್ಲಿನ ಸೆಟ್ಟನ್ನು ಮುದುಕಿಯೊಬ್ಬಳು ಬಾಯಿಗಿಟ್ಟುಕೊಂಡವಳೇ ಬೇಸಿನ್ನಿಗೆ ವಾಂತಿ ಮಾಡಿದಳು. ಮಾಲೀಕ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡೇ, ಕೈ ಗುಣವಾಗುವ ತನಕ ಕೆಲಸಕ್ಕೆ ಬರಬೇಡ ಎಂದ.

ಸಂಜೆ ಸ್ನಾನದ ತೊಟ್ಟಿಗೆ ಮೊದಲು ಅವನು ಇಳಿಯಬೇಕು, ಆಮೇಲೆ ಅದೇ ನೀರಿಗೆ ಹೆಂಡತಿ. ಆ ಸೀಮೆಯ ಎಲ್ಲ ಮನೆಗಳಲ್ಲೂ ಇರುವ ಪದ್ಧತಿಯೇ. ಅವನು ಎದ್ದ ಮೇಲೆ ನೀರಿನ ಮೇಲೆ ಜಿಡ್ಡಿನ ಪದರ ಹೆಪ್ಪುಗಟ್ಟಿ ತೇಲುತ್ತಿತ್ತು. ತೊಮೊಯೆ ಬೋಗುಣಿಯಿಂದ ಅದನ್ನು ತೆಗೆದು ಹಾಕಿ, ಅದೇ ನೀರಿಗೆ ಇಳಿಯುತ್ತಿದ್ದಳು. ಅವನ ಬೆನ್ನು ಒರೆಸುತ್ತಿದ್ದಳು. ಕೊಳೆತು ಕೀವಾದ ಬೆರಳುಗಳಿಗೆ ಬಟ್ಟೆ ಸುತ್ತುತ್ತಿದ್ದಳು. ಒಮ್ಮೆಯೂ ಮುಖ ತಿರುಗಿಸಲಿಲ್ಲ.

ಅವನು ಅಜ್ಜಿಯ ಬಳಿಗೆ ಓಡಿ, ಪ್ರದರ್ಶನದಲ್ಲಿ ಆಡಿದ ಮಾತನ್ನೂ ಬಿಡದೆ ಎಲ್ಲ ಹೇಳಿದ.

“ಆ ಪುಟ್ಟ ಕಾರನ್ನ ದೇವಸ್ಥಾನಕ್ಕೆ ತಗೊಂಡು ಹೋಗಿ, ನಿನ್ನ ಕೈಯಾರೆ ಬೆಂಕಿಗೆ ಹಾಕು,” ಎಂದಳು ಅಜ್ಜಿ ಮಾರು ದೂರದಿಂದಲೇ. “ಜೀವ ಉಳಿಯುತ್ತೆ. ಕೈ ಮಾತ್ರ ಉಳಿಯಲ್ಲ.”

“ಕೈ ಹೋದ್ರೆ ತಿನ್ನೋದೇನು? ಬೇರೆ ದಾರಿ ಇಲ್ವಾ?”

ಅಜ್ಜಿ ಮೂಲೆಯ ಹಗ್ಗದ ಕಾರಿನ ಕಡೆ ತಿರುಗಿ ನೋಡಿದಳು.

“ಇನ್ನೊಬ್ರು ತಾವಾಗೇ ‘ನಂದು’ ಅಂದ್ರೆ ಅವ್ರಿಗೆ ದಾಟುತ್ತೆ. ಸುಮ್ನೆ ಅಂದ್ರೆ ಆಗಲ್ಲ, ಅದ್ರಲ್ಲಿ ಅವ್ರ ಕೈಕೆಲ್ಸ ಇರ್ಬೇಕು. ಅಂಥೋರು ಯಾರೂ ಇಲ್ವಲ್ಲ, ಎಲ್ಲಾ ನಿಂದೇ ಅಂದ್ಯಲ್ಲ?”

ಅವನು ಬಸ್ಸು ಹತ್ತಿದ. ಬಸ್ಸಿನಲ್ಲಿ ಪಕ್ಕದವರು ಎದ್ದು ಹೋದರು. ಮುಂದಿನವರೂ ಎದ್ದರು. ಕಿಟಕಿ ತೆರೆದರು. ಅವನು ತಲೆ ತಗ್ಗಿಸಿ ಕುಳಿತ. ತೊಡೆಯ ಮೇಲೆ ಕೈ. ಬಟ್ಟೆಯಾಚೆ ಒಸರುವ ಕಂದು. ಈ ಕೈ ಬೇಕು. ಈ ಕೈ ಇಲ್ಲದೆ ತಾನಿಲ್ಲ. ಮನೆ ಬಂತು. ಬಾಗಿಲು ತೆರೆಯಿತು. ಒಳಗೆ ಕತ್ತಲು, ಸಾರಿನ ಹಬೆ. ತೊಮೊಯೆ ಮುಗುಳ್ನಕ್ಕಳು.

“ಬನ್ನಿ. ಕೈ ಕೊಡಿ, ಬಟ್ಟೆ ಬದಲಾಯಿಸ್ತೀನಿ.”

“ಇರು,” ಎಂದ. ಕಪಾಟಿನಿಂದ ಕಾರು ತಂದ. ಮೇಜಿನ ಮೇಲಿಟ್ಟ. “ತೊಮೊಯೆ, ನಾನು ಅವತ್ತು ತಪ್ಪು ಮಾಡ್ದೆ. ಈ ಲೇಸು ನಿಂದು. ಜನ ನೋಡಿದ್ದೇ ಅದನ್ನ. ಚೀಟಿ ಮೇಲೆ ನಿನ್ನ ಹೆಸರಿರ್ಬೇಕು.”

ಅವಳು ಗಂಡನನ್ನೇ ನೋಡಿದಳು. ಮದುವೆಯಾದಂದಿನಿಂದ ಅವನು ಅವಳ ಯಾವ ಕೆಲಸವನ್ನೂ ಹೊಗಳಿದವನಲ್ಲ. ಅವಳ ಕಣ್ಣು ತುಂಬಿತು.

“ನಿಜವಾಗ್ಲೂ ಹೇಳ್ತಿದೀರಾ?”

“ನೀನೇ ಬರಿ. ಬಾಯ್ಬಿಟ್ಟು ಹೇಳು. ನಾಚ್ಕೋಬೇಡ.”

ಅವಳು ಕೈ ತೊಳೆದು ಬಂದಳು. ದುಂಡಗೆ ಹೆಸರು ಬರೆದಳು. ಚೀಟಿಯನ್ನು ಎದೆಗೊತ್ತಿಕೊಂಡು, ಎಳೆ ಹುಡುಗಿಯ ಹಾಗೆ ನಕ್ಕಳು.

“ಇದು ನಂದು,” ಎಂದಳು.

ಬಟ್ಟೆಯೊಳಗೆ ಅವನ ಬೆರಳು ತಣ್ಣಗಾಯಿತು. ಬಿಚ್ಚಿದ. ಕೀವಿಲ್ಲ. ಕಲೆಯಿಲ್ಲ. ಮಗುವಿನ ಕೈಯಷ್ಟು ಸ್ವಚ್ಛ. ಛೀ, ಆಗಲಾದರೂ ಅವನಿಗೆ ಅಳು ಬರಬೇಕಿತ್ತು. ಬರಲಿಲ್ಲ; ಹಸಿವಾಯಿತು. ಎರಡು ಬಟ್ಟಲು ಅನ್ನ ಉಂಡ.

ಕುನಿಹಿಕೊ ಮತ್ತೆ ಕೆಲಸಕ್ಕೆ ಹೋಗತೊಡಗಿದ. ತೊಮೊಯೆ ದಿನವಿಡೀ ಸ್ನಾನದ ಮನೆಯಲ್ಲಿ ತಿಕ್ಕಿಕೊಳ್ಳುತ್ತಿದ್ದಳು. ಚರಂಡಿಯ ಜಾಲರಿಯಲ್ಲಿ ಉದ್ದುದ್ದ ಕೂದಲು ಸುತ್ತಿಕೊಂಡಿತ್ತು. ಒಂದು ಸಂಜೆ ಅವಳು ಅಂಗಿಯ ತೋಳನ್ನು ಸೆರಗಿನಂತೆ ಮೂಗಿಗೆ ಮುಚ್ಚಿಕೊಂಡು, ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದಳು.

“ರೀ, ನನ್ನಿಂದ ಏನಾದ್ರೂ ವಾಸ್ನೆ ಬರ್ತಿದ್ಯಾ?”

“ಇಲ್ವಲ್ಲ,” ಎಂದ ಅವನು.

ತನ್ನ ಹಾಸಿಗೆಯನ್ನು ಸುರುಳಿ ಸುತ್ತಿ ಪಕ್ಕದ ಕೋಣೆಗೆ ಎಳೆದುಕೊಂಡು ಹೋದ. ಜಾರುಬಾಗಿಲು ಮುಚ್ಚಿದ. ಆಮೇಲೆ, ಕಾರಿಗೆ ಬಣ್ಣ ಹೊಡೆಯುವಾಗ ಅಂಚಿಗೆ ಅಂಟಿಸುವ ಟೇಪನ್ನು ತೆಗೆದುಕೊಂಡು, ಬಾಗಿಲಿನ ಸಂದಿಯನ್ನು ಮೇಲಿಂದ ಕೆಳಗಿನವರೆಗೆ ಮುಚ್ಚಿದ. ಎಲ್ಲೂ ಒಂದು ಸುಕ್ಕಿರಲಿಲ್ಲ.